ಕಡಲಂಚಿನ ಮುರಕಲ್ಲಿನ ಹಳೆಮನೆ: ದುರಸ್ತಿ ಎಲ್ಲಿಂದ ಶುರು, ಹೇಗೆ ಮುಂದುವರಿಕೆ

ಕರಾವಳಿಯ ಹಳೆಮನೆಗಳನ್ನು ಮಳೆ ಕೆಡಿಸುತ್ತದೆ ಎಂಬ ಮಾತು ಅರ್ಧ ನಿಜ. ಮಳೆ ಧೋ ಎಂದು ಸುರಿಯುವ ಘಟ್ಟದ ಬುಡದಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆಗಳು ನೂರು ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿವೆ. ಅದೇ ಜಾತಿಯ ಕಲ್ಲು, ಅದೇ ಕಾಲದ ಕಟ್ಟೋಣ ಅಲೆಯ ಸದ್ದು ಕೇಳುವಷ್ಟು ಹತ್ತಿರವಿದ್ದರೆ ಗೋಡೆ ಪುಡಿಯಾಗಿ ಉದುರುತ್ತದೆ. ಮಳೆಗಿಂತ ಹೆಚ್ಚಾಗಿ ಅಲ್ಲಿ ಕೆಲಸ ಮಾಡುತ್ತಿರುವುದು ಉಪ್ಪು.

ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ನೀರು ಹೀರಿ ಕರಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಮತ್ತೆ ಹರಳುಗಟ್ಟುತ್ತದೆ. ಮಳೆಗಾಲದುದ್ದಕ್ಕೂ ಅದು ಗೋಡೆಯೊಳಗೆ ಕರಗಿಕೊಂಡೇ ಇರುವುದರಿಂದ ಹೆಚ್ಚು ಕಾಟ ಕೊಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಒಣಹವೆ. ದಿನಕ್ಕೊಮ್ಮೆ ಕರಗುತ್ತದೆ, ದಿನಕ್ಕೊಮ್ಮೆ ಹರಳಾಗುತ್ತದೆ. ಪ್ರತಿ ಸಲ ಬೆಳೆಯುವ ಹರಳು ಕಲ್ಲಿನ ಸಣ್ಣ ರಂಧ್ರಗಳನ್ನು ಒಳಗಿನಿಂದ ಒತ್ತಿ ಸೀಳುತ್ತದೆ. ಆಗಸ್ಟ್‌ನಲ್ಲಿ ಸರಿಯಾಗಿಯೇ ಕಂಡ ಗೋಡೆ ಜನವರಿಯಲ್ಲಿ ಉದುರುವುದು ಇದಕ್ಕೇ.

ಈ ಉಪ್ಪನ್ನು ತಡೆದು ನಿಲ್ಲಿಸಲು ಆಗುವುದಿಲ್ಲ. ಗಾಳಿಯಲ್ಲೂ ಇದೆ, ಬಾವಿಯ ನೀರಲ್ಲೂ ಇದೆ, ಕೆಲವು ಮನೆಗಳಲ್ಲಿ ಕಟ್ಟುವಾಗಲೇ ಹೊಯಿಗೆಯ (ಮರಳಿನ) ಜೊತೆ ಒಳಸೇರಿದೆ. ಆದರೆ ಅದು ಎಲ್ಲಿ ಹರಳಾಗಬೇಕು ಎಂಬುದು ನಮ್ಮ ಕೈಯಲ್ಲಿದೆ: ಕಲ್ಲಿನೊಳಗೋ, ಕಲ್ಲಿನ ಮೇಲೆ ಮೆತ್ತಿದ ಸುಣ್ಣದ ಗಾರೆಯಲ್ಲೋ. ಗಾರೆ ಹಾಳಾದರೆ ಕೆತ್ತಿ ಹೊಸದು ಮೆತ್ತಬಹುದು, ಕಲ್ಲು ಹಾಳಾದರೆ ಗೋಡೆಯೇ ಹೋಯಿತು. ಮುಂದೆ ಹೇಳುವ ಹೆಚ್ಚಿನ ಕೆಲಸಗಳ ಗುರಿ ಇದೊಂದೇ.

ಮೊದಲು ಮನೆಯನ್ನು ಓದಿಕೊಳ್ಳಿ

ಮುರಕಲ್ಲಿನ ಪಂಚಾಂಗ (ಗೋಡೆಯಡಿಯ ಎತ್ತರಿಸಿದ ಪೀಠ), ಮಣ್ಣು ಇಲ್ಲವೇ ಸುಣ್ಣದಲ್ಲಿ ಕಟ್ಟಿದ ದಪ್ಪ ಗೋಡೆ, ಎದುರಿಗೆ ಜಗಲಿ, ಒಳಗೆ ಚಾವಡಿ, ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಹೆಂಚಿನ ಮಾಡು (ಚಾವಣಿ): ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಹೆಚ್ಚಿನ ಹಳೆಮನೆಗಳ ಅಂಗಾಂಗ ಇಷ್ಟೇ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸತೊಡಗಿದ ಮೇಲೆ ಮುಳಿಹುಲ್ಲು ಮತ್ತು ನಾಡಹೆಂಚಿನ ಜಾಗಕ್ಕೆ ಮಂಗಳೂರು ಹೆಂಚು ಬಂತು. ಹೀಗಾಗಿ ಮಾಡಿಗಿಂತ ಗೋಡೆ ಹಳೆಯದಾಗಿರುವುದು ಸಾಮಾನ್ಯ. ಗೋಡೆಯ ತಲೆಯಲ್ಲಿ ಹಳೆಯ ಪಕ್ಕಾಸಿನ (ಮಾಡನ್ನು ಹೊರುವ ಓರೆಮರದ) ತೂತು ಮುಚ್ಚಿದ ಗುರುತು, ಬೇರೆ ಬಣ್ಣದ ಕಲ್ಲಿನ ಒಂದೆರಡು ವರಸೆ ಕಂಡರೆ ಮಾಡನ್ನು ಎತ್ತರಿಸಿದ್ದಾರೆ ಎಂದು ತಿಳಿಯಿರಿ. ಅಂಥ ಕಡೆಯೇ ಬಿರುಕು ಬರುವುದು.

ತಪಾಸಣೆಯನ್ನು ಎರಡು ಸಲ ಮಾಡಬೇಕು. ಜುಲೈನಲ್ಲಿ ಒಮ್ಮೆ, ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಲು. ಜನವರಿಯಲ್ಲಿ ಒಮ್ಮೆ, ಉಪ್ಪು ಎಲ್ಲಿ ಹೊರಬರುತ್ತಿದೆ ಎಂದು ನೋಡಲು. ಮಳೆ ಬಿಟ್ಟ ಮೇಲೆ ಬಂದು ಒಂದೇ ಸುತ್ತಿನಲ್ಲಿ ಅಂದಾಜುಪಟ್ಟಿ ಕೊಡುವವರನ್ನು ನಂಬಬೇಡಿ. ಪಸೆಯ ಕಲೆ ನೆಲದಿಂದ ಎರಡು ಮೂರು ಅಡಿಯವರೆಗೆ ಒಂದೇ ಮಟ್ಟದಲ್ಲಿದ್ದರೆ ನೀರು ನೆಲದಿಂದ ಏರುತ್ತಿದೆ. ಮೇಲಿನಿಂದ ನಾಲಿಗೆಯಂತೆ ಇಳಿದಿದ್ದರೆ ಮಾಡು ಸೋರುತ್ತಿದೆ. ಪಡುವಣ ಗೋಡೆಯಲ್ಲಿ ಮಾತ್ರ, ಅದೂ ಕಿಟಕಿಯ ಸುತ್ತ ಇದ್ದರೆ ಗಾಳಿ ಬೀಸಿ ಹೊಡೆದ ಮಳೆ.

ಉಪ್ಪನ್ನು ಅಳೆಯಲು ಪ್ರಯೋಗಾಲಯ ಬೇಡ. ಕುಡಿಯುವ ನೀರಿನಲ್ಲಿ ಕರಗಿದ ಲವಣ ನೋಡುವ ಟಿಡಿಎಸ್ ಮೀಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

1. ಗೋಡೆಯಲ್ಲಿ ನೆಲದಿಂದ 30 ಸೆಂ.ಮೀ., 1 ಮೀಟರ್ ಮತ್ತು 2 ಮೀಟರ್ ಎತ್ತರದಲ್ಲಿ ಡ್ರಿಲ್ ಹಾಕಿ ಪುಡಿ ತೆಗೆಯಿರಿ. ಮೊದಲ 2 ಸೆಂ.ಮೀ. ಆಳದ ಪುಡಿ ಬೇರೆ, 2ರಿಂದ 5 ಸೆಂ.ಮೀ. ಆಳದ್ದು ಬೇರೆ.
2. ಪುಡಿಯನ್ನು ಒಣಗಿಸಿ, 10 ಗ್ರಾಂ ತೂಗಿ, 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿ ಕಲಕಿ. ಒಂದು ಗಂಟೆ ಬಿಟ್ಟು ತಿಳಿಯನ್ನು ಸೋಸಿ.
3. ಮೀಟರ್ ಅದ್ದಿ. 1000 ಎಂದು ತೋರಿಸಿದರೆ ಪುಡಿಯ ತೂಕದಲ್ಲಿ ಸುಮಾರು ಶೇ. 1ರಷ್ಟು ಕರಗುವ ಲವಣವಿದೆ ಎಂದರ್ಥ.

ಮೀಟರ್ ಎಲ್ಲ ಲವಣಗಳನ್ನೂ ಕೂಡಿಸಿ ಹೇಳುತ್ತದೆ, ಹೊಸ ಸುಣ್ಣವಿದ್ದರೂ ಅಂಕಿ ಏರುತ್ತದೆ. ಆದ್ದರಿಂದ ಮನೆಯ ಒಳಗಿನ ಒಣ ಗೋಡೆಯೊಂದರ ಪುಡಿಯನ್ನೂ ಪರೀಕ್ಷಿಸಿ, ಅದಕ್ಕೆ ಹೋಲಿಸಿ ನೋಡಿ. ಕ್ಲೋರೈಡ್ (ಕಡಲುಪ್ಪಿನ ಮುಖ್ಯ ಅಂಶ, ಮೀಟರ್ ಇದನ್ನು ಬೇರೆಯಾಗಿ ತೋರಿಸುವುದಿಲ್ಲ) ಶೇ. 0.5ಕ್ಕಿಂತ ಹೆಚ್ಚಿದ್ದರೆ ಗೋಡೆ ಕೆಟ್ಟ ಸ್ಥಿತಿಯಲ್ಲಿದೆ, ಶೇ. 0.2ರ ಒಳಗಿದ್ದರೆ ಚಿಂತೆಯಿಲ್ಲ. ಹೊರಪದರದಲ್ಲಿ ಹೆಚ್ಚು, ಒಳಗೆ ಕಡಿಮೆ ಎಂದು ಬಂದರೆ ಒಳ್ಳೆಯ ಸುದ್ದಿ, ಉಪ್ಪು ಹೊರಗೆ ಬರುತ್ತಿದೆ. ಎರಡೂ ಕಡೆ ಒಂದೇ ಸಮ ಬಂದರೆ ಯಾವುದೋ ಪದರ ಅದನ್ನು ಒಳಗೇ ಹಿಡಿದಿಟ್ಟಿದೆ.

ಕಾಗದಪತ್ರ

ಮನೆ ಭರತರೇಖೆಯ (ಕಡಲು ಉಬ್ಬಿದಾಗ ನೀರು ತಲುಪುವ ಗಡಿಯ) ಹತ್ತಿರವಿದ್ದರೆ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಅನ್ವಯಿಸುತ್ತದೆ. ಮೊದಲೇ ಅಧಿಕೃತವಾಗಿ ಇರುವ ಮನೆಯನ್ನು ಇದ್ದ ಪಾಯದ ವಿಸ್ತೀರ್ಣ ಮೀರದಂತೆ ದುರಸ್ತಿ ಮಾಡುವುದಕ್ಕೆ ಅದರಲ್ಲಿ ಅವಕಾಶವಿದೆ. ಜಗಲಿಯನ್ನು ಮುಂದಕ್ಕೆ ಎಳೆಯುವುದು, ಇನ್ನೊಂದು ಉಪ್ಪರಿಗೆ ಏರಿಸುವುದು ದುರಸ್ತಿಯಲ್ಲ. ಹಳೆಯ ಅಳತೆಗೆ ಸಾಕ್ಷಿಯಾಗಿ ನಕ್ಷೆ, ಫೋಟೊ, ಮನೆ ತೆರಿಗೆ ರಶೀದಿ ಇಟ್ಟುಕೊಳ್ಳದೆ ಒಂದು ಹೆಂಚನ್ನೂ ಇಳಿಸಬೇಡಿ. ಹತ್ತಿರ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಿದ್ದರೆ ಅದರ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ದುರಸ್ತಿಗೂ ಪ್ರತ್ಯೇಕ ಅನುಮತಿ ಬೇಕು.

ಕೆಲಸದ ಕ್ರಮ

ಅಕ್ಟೋಬರ್‌ನಲ್ಲಿ ಮರ, ಹೆಂಚು, ಸುಣ್ಣ ಹೊಂದಿಸಿ. ಸುಣ್ಣ ಅರಳಿಸಿ ನೀರಲ್ಲಿಡಿ. ನವೆಂಬರ್, ಡಿಸೆಂಬರ್‌ನಲ್ಲಿ ಮಾಡಿನ ಕೆಲಸ. ಅದರ ಜೊತೆಜೊತೆಗೇ ಅಂಗಳದ ನೀರಿನ ದಾರಿ. ಸಿಮೆಂಟು ಕೆತ್ತುವುದು ಡಿಸೆಂಬರ್‌ನಲ್ಲಿ ಮುಗಿದರೆ ಗೋಡೆಗೆ ಒಣಗಲು ಒಳ್ಳೆಯ ಹವೆ ಸಿಗುತ್ತದೆ. ಗಾರೆ ಫೆಬ್ರವರಿ, ಮಾರ್ಚ್. ಸುಣ್ಣದ ಗಾರೆಗೆ ಮಳೆಗೆ ಮುಂಚೆ ಕನಿಷ್ಠ ಎರಡು ತಿಂಗಳು ಸಿಗಲೇಬೇಕು. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಹೊರಗೋಡೆಯ ಕೊನೆಯ ಕೈ ಮಾರ್ಚ್ ಕೊನೆಗೆ ಮುಗಿದಿರಬೇಕು. ಮುಗಿಯುವ ಲಕ್ಷಣವಿಲ್ಲದಿದ್ದರೆ ಪಡುವಣ ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡಿ, ತೆಂಗಿನ ಮಡಲಿನ ತಟ್ಟಿ ಕಟ್ಟಿ ಮಳೆಗಾಲ ಕಳೆಯಿರಿ. ಏಪ್ರಿಲ್ ಕೊನೆಯಲ್ಲಿ ಅವಸರದಿಂದ ಮೆತ್ತಿದ ಗಾರೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಮಣ್ಣಾಗಿ ಅಂಗಳಕ್ಕೆ ಇಳಿಯುತ್ತದೆ.

ಅಂಗಳ ಮತ್ತು ನೆಲ

ಐವತ್ತು ಅರವತ್ತು ವರ್ಷಗಳಲ್ಲಿ ಅಂಗಳಕ್ಕೆ ಮಣ್ಣು ಬಿದ್ದು, ಮೇಲೆ ಇಂಟರ್‌ಲಾಕ್ ಹಾಸಿ, ಪಂಚಾಂಗದ ಅರ್ಧ ಹೂತುಹೋಗಿರುತ್ತದೆ. ಮಣ್ಣು ತೆಗೆದು ಅಂಗಳದ ಮಟ್ಟವನ್ನು ಒಳಗಿನ ನೆಲಕ್ಕಿಂತ ಕನಿಷ್ಠ ಒಂದೂವರೆ ಅಡಿ ಕೆಳಗಿಳಿಸಿ, ಗೋಡೆಯಿಂದ ಆಚೆಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಡಿ. ಸೂರಿನ ನೀರು ಬೀಳುವ ಸಾಲಿನಲ್ಲಿ ಜಲ್ಲಿ ತುಂಬಿದ ಕಾಲುವೆ ಮಾಡಿ, ಆದರೆ ಅಡಿಪಾಯದ ಬುಡಕ್ಕಿಂತ ಆಳಕ್ಕೆ ಅಗೆಯಬೇಡಿ. ಹೊಯಿಗೆ ನೆಲದಲ್ಲಿ ಅಗೆದರೆ ಪಾಯದಡಿಯ ಮಣ್ಣೇ ಜಾರುತ್ತದೆ.

ಒಳಗೆ ಕಾವಿನೆಲವನ್ನೋ ಸಗಣಿನೆಲವನ್ನೋ ತೆಗೆದು ಕಾಂಕ್ರೀಟ್ ಹಾಕಿ ವಿಟ್ರಿಫೈಡ್ ಟೈಲ್ಸ್ ಕೂರಿಸಿದರೆ ನೆಲದಡಿಯ ತೇವಕ್ಕೆ ಮೇಲೆ ಬರಲು ದಾರಿ ಇಲ್ಲದೆ ಅದು ಗೋಡೆಯ ಕಡೆ ಸರಿಯುತ್ತದೆ. ನೆಲ ಹೊಳೆಯುತ್ತದೆ, ಗೋಡೆ ಕೊಳೆಯುತ್ತದೆ. ಈಗಾಗಲೇ ಹಾಕಿದ್ದರೆ ಗೋಡೆಯ ಬುಡದಲ್ಲಿ ಒಂದು ಅಡಿ ಅಗಲದ ಟೈಲ್ಸ್ ಮತ್ತು ಅದರಡಿಯ ಕಾಂಕ್ರೀಟನ್ನು ಕತ್ತರಿಸಿ ತೆಗೆದು, ಆ ಪಟ್ಟಿಗೆ ಜಲ್ಲಿ ತುಂಬಿ, ಸುಣ್ಣದ ಗಾರೆಯಲ್ಲಿ ಮಣ್ಣಿನ ಚಪ್ಪಡಿ ಹೆಂಚು ಕೂರಿಸಿ. ನೋಡಲು ಅಂಚುಪಟ್ಟಿ ಹಾಕಿದಂತೆಯೇ ಇರುತ್ತದೆ.

ಮಾಡು

ಹೆಂಚು ಇಳಿಸುವಾಗ ನೆತ್ತಿಯಿಂದ ಕೆಳಕ್ಕೆ ಬನ್ನಿ. ಕಾಲಿಡುವುದು ಹೆಂಚಿನ ನಡುವಿಗಲ್ಲ, ಎರಡು ಹೆಂಚು ಒಂದರ ಮೇಲೊಂದು ಕೂರುವ, ಕೆಳಗೆ ರೀಪು (ಹೆಂಚು ಕೂರುವ ಮರದ ಅಡ್ಡಪಟ್ಟಿ) ಇರುವ ಸಾಲಿಗೆ. ಇಳಿಸಿದ ಹೆಂಚನ್ನು ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ; ಅಂಚಿನ ಮೇಲೆ ನಿಲ್ಲಿಸಿ ಒರಗಿಸಿ. ಪ್ರತಿಯೊಂದನ್ನೂ ಬೆರಳ ಗಿಣ್ಣಿನಿಂದ ಬಡಿಯಿರಿ. ಕಂಚಿನ ನಾದ ಬಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಅಡಿಭಾಗ ಚಕ್ಕೆ ಎದ್ದು ಪುಡಿಯಾಗುತ್ತಿದ್ದರೆ ಅದು ಉಪ್ಪು ಕುಡಿದ ಹೆಂಚು, ಸುರ್ಕಿಗೂ (ಗಾರೆಗೆ ಬೆರೆಸುವ ಸುಟ್ಟಮಣ್ಣಿನ ಪುಡಿಗೂ) ಬಳಸಬೇಡಿ.

ಹಿಂಬದಿಯ ಮೊಹರು ನೋಡಿ ಕಾರ್ಖಾನೆವಾರು ವಿಂಗಡಿಸುವುದು ಎಲ್ಲರೂ ಬಿಟ್ಟುಬಿಡುವ ಹಂತ. ಮಂಗಳೂರು ಹೆಂಚುಗಳೆಲ್ಲ ಒಂದೇ ಎಂದು ಕಂಡರೂ ಅಚ್ಚಿನಿಂದ ಅಚ್ಚಿಗೆ ಬದಿಯ ತೋಡು ಎರಡು ಮೂರು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಎರಡು ಕಾರ್ಖಾನೆಯ ಹೆಂಚನ್ನು ಒಂದೇ ವರಸೆಯಲ್ಲಿ ಬೆರೆಸಿದರೆ ತೋಡು ಕೂರುವುದಿಲ್ಲ, ಗಾಳಿಮಳೆಗೆ ಅದೇ ಸಂದಿಯಿಂದ ನೀರು ಒಳಗೆ. ಹಳೆಯವು ಸಾಲದೆ ಬಂದರೆ ಉಳಿದ ಹಳೆಯದನ್ನೆಲ್ಲ ಸಮುದ್ರದ ಕಡೆಯ ಇಳುಕಲಿಗೆ ಒಟ್ಟಾಗಿ ಹಾಕಿ, ಹೊಸತನ್ನು ಹಿಂಬದಿಗೆ ಹಾಕಿ. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು, ಒಡಕಿಗೆ ಶೇ. 10 ಹೆಚ್ಚು ತರಿಸಿ.

ರೀಪಿನ ಅಂತರವನ್ನು ಬಾಯಿಲೆಕ್ಕದಲ್ಲಿ ಹೇಳಬಾರದು. ನಿಮ್ಮ ಹೆಂಚಿನಲ್ಲಿ ಹನ್ನೊಂದನ್ನು ಸಮನೆಲದ ಮೇಲೆ ಉದ್ದಕ್ಕೆ ಸಿಕ್ಕಿಸಿ ಇಡಿ. ಒತ್ತಿ ಕೂರಿಸಿದಾಗ ಮೊದಲ ಹೆಂಚಿನ ತಲೆಯಿಂದ ಕೊನೆಯ ಹೆಂಚಿನ ತಲೆಗೆ ಎಷ್ಟು, ಬಿಡಿಸಿ ಎಳೆದಾಗ ಎಷ್ಟು ಎಂದು ಅಳೆದು, ಎರಡರ ಸರಾಸರಿಯನ್ನು ಹತ್ತರಿಂದ ಭಾಗಿಸಿ. ಸಾಮಾನ್ಯವಾಗಿ 32 ಸೆಂ.ಮೀ. ಆಸುಪಾಸು ಬರುತ್ತದೆ. ಒಂದೆರಡು ರೀಪು ಉಳಿಸಲು ಅಂತರ ಹಿಗ್ಗಿಸಿದ ಮಾಡು ಮೊದಲ ಜೂನ್‌ನಲ್ಲೇ ಸೋರುತ್ತದೆ. ಪಕ್ಕಾಸು ನಡುವೆ ಬಾಗಿದ್ದರೂ ಇದೇ ಕಥೆ. ಬಾಗಿದ ಕಡೆ ಹೆಂಚಿನ ತೋಡು ಬಾಯಿ ಬಿಡುತ್ತದೆ. ಇಳಿಜಾರು 30 ಡಿಗ್ರಿಗಿಂತ ಕಡಿಮೆಯಾಗಬಾರದು. ಅಂದರೆ ಮಟ್ಟವಾಗಿ ಅಳೆದ ಪ್ರತಿ ಮೀಟರಿಗೆ 58 ಸೆಂ.ಮೀ. ಏರಿಕೆ.

ಸೂರಿನ ಕೊನೆಯ ಎರಡು ವರಸೆ ಮತ್ತು ತ್ರಿಕೋನಗೋಡೆಯ ಅಂಚಿನ ಹೆಂಚುಗಳನ್ನು ತಂತಿಯಿಂದ ರೀಪಿಗೆ ಬಿಗಿಯಿರಿ. ಹೆಂಚಿನ ಹಿಂಬದಿಯ ಮೊಲೆಯಲ್ಲಿ ಅದಕ್ಕೆಂದೇ ತೂತು ಇರುತ್ತದೆ. ತಾಮ್ರದ ತಂತಿ ಅಥವಾ 316 ದರ್ಜೆಯ ಸ್ಟೇನ್‌ಲೆಸ್ ತಂತಿ ಮಾತ್ರ. ಬೈಂಡಿಂಗ್ ವೈರ್ ಎರಡು ಮಳೆಗೆ ಮುಗಿಯುತ್ತದೆ.

ಎರಡು ಮಾಡು ಕೂಡುವ ಓರೆಕಾಲುವೆಗೆ ಜಿಂಕ್ ಬಳಿದ ತಗಡು ಹಾಕಿದರೆ ಕಡಲಗಾಳಿಗೆ ಬೇಗ ತೂತಾಗುತ್ತದೆ. ದಪ್ಪ ಅಲ್ಯುಮಿನಿಯಂ ಹಾಳೆ ನಡೆಯುತ್ತದೆ, ತಾಮ್ರ ಉತ್ತಮ. ಆದರೆ ಎರಡನ್ನೂ ಒಂದಕ್ಕೊಂದು ತಾಗಿಸಬೇಡಿ, ಅಲ್ಯುಮಿನಿಯಂ ತಿಂದುಹೋಗುತ್ತದೆ. ಹಸಿ ಸುಣ್ಣ, ಹಸಿ ಸಿಮೆಂಟು ತಾಗಿದರೂ ಅಷ್ಟೇ. ಕಾಲುವೆಯ ಹಾಳೆ ಎರಡೂ ಬದಿ ಹೆಂಚಿನಡಿ ಕನಿಷ್ಠ 20 ಸೆಂ.ಮೀ. ಹೋಗಲಿ, ಅಂಚನ್ನು ಮೇಲಕ್ಕೆ ಮಡಿಸಿ.

ರಿಡ್ಜ್ ಹೆಂಚನ್ನು ಒಂದು ಪಾಲು ಸುಣ್ಣ, ಒಂದು ಸುರ್ಕಿ, ಎರಡು ಹೊಯಿಗೆಯ ಗಾರೆಯಲ್ಲಿ ಕೂರಿಸಿ. ಗಾರೆ ಅಂಚಿಗೆ ಮಾತ್ರ ಸಾಕು, ಹೊಟ್ಟೆತುಂಬ ತುಂಬಿದರೆ ಅದು ನೀರನ್ನು ಹೀರಿ ನೆತ್ತಿಯ ತೊಲೆಗೆ ಇಳಿಸುತ್ತದೆ. ಮಾಡಿನ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಅದರಲ್ಲಿರುವುದೂ ಕ್ಲೋರೈಡೇ, ಸಮುದ್ರ ಕೊಡುವುದು ಸಾಲದೆಂದು ನಾವೇ ಕೊಟ್ಟಂತೆ. ಮೇ ತಿಂಗಳಲ್ಲಿ ಪಾಚಿ ಒಣಗಿ ಸುರುಳಿ ಎದ್ದಾಗ ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿದರೆ ಕಳಚಿ ಬರುತ್ತದೆ.

ಮರ

ಕಿರಾಲುಬೋಗಿ, ಹಲಸು, ಸಾಗುವಾನಿ ಇದ್ದರೆ ಆಳವಾಗಿ ಕೆಟ್ಟಿರುವುದು ಅಪರೂಪ, ತುದಿ ಮಾತ್ರ ಹೋಗಿರುತ್ತದೆ: ಗೋಡೆಯೊಳಗೆ ಹೂತ ತೊಲೆಯ ಮೂತಿ, ಸೂರಿನಲ್ಲಿ ಪಕ್ಕಾಸಿನ ಬಾಲ. ಮೊನಚಾದ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಕೈಬಲಕ್ಕೇ 1 ಸೆಂ.ಮೀ. ಇಳಿದರೆ ಅಲ್ಲಿ ಮರ ಸತ್ತಿದೆ. ಗಟ್ಟಿ ಮರ ಸಿಗುವವರೆಗೆ, ಅಲ್ಲಿಂದಲೂ ಒಂದು ಅಡಿ ಮುಂದಕ್ಕೆ ಕತ್ತರಿಸಿ, ಅದೇ ಜಾತಿಯ ಹಳೆಯ ಮರದ ತುಂಡನ್ನು ಓರೆಯಾಗಿ ಕೊರೆದು ಜೋಡಿಸಿ. ಓರೆಯ ಉದ್ದ ಮರದ ಆಳದ ಮೂರು ಪಟ್ಟಾದರೂ ಬೇಕು, ನಾಲ್ಕು ಇಂಚು ಆಳದ ಪಕ್ಕಾಸಿಗೆ ಒಂದು ಅಡಿ. ಜೋಡಣೆ ಆಧಾರದ ಹತ್ತಿರ ಬರಲಿ, ನಡುವೆ ಬೇಡ. ಬೋಲ್ಟು 316 ಸ್ಟೇನ್‌ಲೆಸ್. ಪೇಟೆಯಲ್ಲಿ ಸುಮ್ಮನೆ ಎಸ್ಎಸ್ ಎಂದು ಕೊಡುವುದು ಹೆಚ್ಚಾಗಿ 304, ಉಪ್ಪುಗಾಳಿಗೆ ಅದು ಚುಕ್ಕೆಚುಕ್ಕೆಯಾಗಿ ತುಕ್ಕು ತಿನ್ನುತ್ತದೆ.

ತೊಲೆಯ ಮೂತಿಯನ್ನು ಗೋಡೆಯೊಳಗೆ ಮರಳಿ ಕೂರಿಸುವಾಗ ಅಡಿಯಲ್ಲಿ ಕರಿಕಲ್ಲಿನ ಬಿಲ್ಲೆ ಇಡಿ, ಬದಿ ಮತ್ತು ಹಿಂದೆ ಬೆರಳು ಹೋಗುವಷ್ಟು ಸಂದಿ ಬಿಡಿ. ಸಂದಿಗೆ ಗಾರೆ ತುಂಬಿ ಚೆಂದ ಮಾಡುವ ಚಪಲ ಎಲ್ಲ ಮೇಸ್ತ್ರಿಗಳಿಗೂ ಇರುತ್ತದೆ, ಪಕ್ಕದಲ್ಲೇ ನಿಂತು ತಡೆಯಿರಿ.

ಒರಲೆ (ಗೆದ್ದಲು), ಕುಟ್ಟೆಗೆ (ಮರ ಕೊರೆಯುವ ಹುಳುವಿಗೆ): 9 ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬಣ್ಣ ಎಣ್ಣೆ ಇಲ್ಲದ ಬರಿ ಮರಕ್ಕೆ ದಿನ ಬಿಟ್ಟು ದಿನ ಮೂರು ಸಲ ಹಚ್ಚಿ. ಕಡಿದ ತುದಿಗೆ ಇನ್ನೆರಡು ಸಲ ಹೆಚ್ಚು, ಏಕೆಂದರೆ ಹೀರುವುದು ಅಲ್ಲೇ. ಮಳೆ ನೀರಿಗೆ ಇದು ತೊಳೆದುಹೋಗುವುದರಿಂದ ಹೊರಗಿನ ಮರಕ್ಕೆ ಒಣಗಿದ ಮೇಲೆ ಎಣ್ಣೆ ಹಚ್ಚಲೇಬೇಕು. ಸೂರಿನ ಮರಕ್ಕೆ ಗೇರುಬೀಜದ ಸಿಪ್ಪೆಯೆಣ್ಣೆ ಕರಾವಳಿಯ ಹಳೆಯ ಮದ್ದು, ಈಗಲೂ ಅದಕ್ಕೆ ಸಾಟಿ ಕಡಿಮೆ. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಕೈಗವಸು ಬೇಕು. ಮನೆಯೊಳಗೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಗೋಡೆ: ಸಿಮೆಂಟು ಕೆತ್ತುವುದು

ಮುರಕಲ್ಲು ಉಸಿರಾಡುವ ಕಲ್ಲು. ಸಿಮೆಂಟು ಗಾರೆ, ಅದರ ಮೇಲೆ ಅಕ್ರಿಲಿಕ್ ಬಣ್ಣ ಬಿದ್ದರೆ ಒಳಗಿನ ತೇವ ಗಾರೆಯ ಬೆನ್ನಿಗೆ ಬಂದು ನಿಲ್ಲುತ್ತದೆ, ಉಪ್ಪು ಅಲ್ಲೇ ಹರಳಾಗುತ್ತದೆ. ಕಲ್ಲಿನೊಳಗಿನ ಮೆದು ಜೇಡಿಯ ಕಣ್ಣುಗಳು ಮೊದಲು ಕರಗುತ್ತವೆ. ಹೊರಗಿನಿಂದ ಗೋಡೆ ನುಣ್ಣಗೆ ಕಾಣುತ್ತಿರುವಾಗಲೇ ಹಿಂದೆ ಎರಡು ಬೆರಳು ದಪ್ಪ ಕೆಂಪುಪುಡಿ ತುಂಬಿರುತ್ತದೆ. ನೀರು ನಿರೋಧಕ ಸಿಲಿಕೋನ್ ದ್ರವ ಬಳಿದರೂ ಇದೇ ಗತಿ, ಪುಡಿಯಾಗುವ ಜಾಗ ಒಂದಿಷ್ಟು ಒಳಗೆ ಸರಿಯುತ್ತದೆ ಅಷ್ಟೆ.

ಹಾಗೆಂದು ಸಿಮೆಂಟು ಕಂಡಲ್ಲೆಲ್ಲ ಉಳಿ ಎತ್ತಬೇಡಿ. ಗೋಡೆ ಇಡೀ ಬಡಿದು ನೋಡಿ, ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಣಗಿದ ಒಳಗೋಡೆಯಲ್ಲಿ ಗಟ್ಟಿಯಾಗಿ ಹಿಡಿದಿರುವ ಸಿಮೆಂಟನ್ನು ಕೆತ್ತಿದರೆ ಕಲ್ಲಿನ ಮುಖವೂ ಕಿತ್ತು ಬರುತ್ತದೆ. ಲಾಭಕ್ಕಿಂತ ನಷ್ಟ ಹೆಚ್ಚು, ಹಾಗೇ ಬಿಡಿ. ಟೊಳ್ಳು ಇರುವಲ್ಲಿ ಅಂಚಿನಿಂದ ಅಗಲ ಉಳಿಯನ್ನು ಓರೆಯಾಗಿ ಹಿಡಿದು ಎಬ್ಬಿಸಿ. ಬ್ರೇಕರ್ ಮಷಿನ್ ಬೇಡವೇ ಬೇಡ, ಮಣ್ಣಲ್ಲಿ ಕಟ್ಟಿದ ಗೋಡೆ ಅದರ ಅದುರಾಟಕ್ಕೆ ಸಡಿಲವಾಗುತ್ತದೆ. ಬಣ್ಣದ ಪದರಗಳ ಅಡಿಯಲ್ಲಿ ಬಿಳಿ ಸುಣ್ಣದ ಮೇಲೆ ಕೆಂಪು ಗೆರೆ, ಬಳ್ಳಿ, ಹಕ್ಕಿ ಏನಾದರೂ ಕಂಡರೆ ಅಲ್ಲಿಗೆ ಕೈ ನಿಲ್ಲಿಸಿ. ಅದು ಕಾವಿಕಲೆ ಇರಬಹುದು. ಕೆಂಪು ಪದರವನ್ನು ಕೆರೆದು ಅಡಿಯ ಬಿಳಿಯಲ್ಲಿ ಚಿತ್ರ ತೆಗೆದಿರುತ್ತಾರೆ, ಒಂದು ಮಿಲಿಮೀಟರ್ ಹೋದರೆ ಚಿತ್ರವೇ ಹೋಯಿತು.

ಕೆತ್ತಿದ ಪುಡಿಯನ್ನು ಅಂದಂದೇ ಮನೆಯಿಂದ ದೂರ ಸಾಗಿಸಿ. ಅಂಗಳಕ್ಕೆ ಹರಡಿದರೆ ಮೊದಲ ಮಳೆಗೆ ಅದರ ಉಪ್ಪೆಲ್ಲ ಪಾಯಕ್ಕೆ ವಾಪಸ್. ಗೋಡೆಯನ್ನು ಒಣ ಬ್ರಷ್‌ನಿಂದ ಉಜ್ಜಿ ಎರಡು ತಿಂಗಳು ಗಾಳಿಗೆ ಬಿಡಿ, ವಾರಕ್ಕೊಮ್ಮೆ ಬಂದ ಬಿಳಿಯನ್ನು ಒಣದಾಗಿಯೇ ಗುಡಿಸಿ.

ಮೀಟರ್ ಅಂಕಿ ಆಮೇಲೂ ಇಳಿಯದಿದ್ದರೆ ಕಾಗದದ ಮುದ್ದೆ ಮೆತ್ತುವ ಉಪಾಯವಿದೆ. ಬಣ್ಣ ಮಸಿ ಇಲ್ಲದ ಕಾಗದವನ್ನು ಡಿಸ್ಟಿಲ್ಡ್ ನೀರಲ್ಲಿ ನೆನೆಸಿ ಅರೆದು, ಗೋಡೆಯನ್ನು ಅದೇ ನೀರಿನಿಂದ ಒದ್ದೆ ಮಾಡಿ, 2 ಸೆಂ.ಮೀ. ದಪ್ಪಕ್ಕೆ ಒತ್ತಿ ಮೆತ್ತಿ. ಎರಡರಿಂದ ನಾಲ್ಕು ವಾರದಲ್ಲಿ ಒಣಗಿ ತಾನಾಗಿ ಬಿಡತೊಡಗುತ್ತದೆ, ಜೊತೆಗೆ ಉಪ್ಪನ್ನೂ ಎಳೆದು ತರುತ್ತದೆ. ತೆಗೆದ ಮುದ್ದೆಯ 10 ಗ್ರಾಂ ಹಿಂದಿನಂತೆಯೇ ಪರೀಕ್ಷಿಸಿ; ಎರಡನೆಯ, ಮೂರನೆಯ ಸುತ್ತಿಗೆ ಅಂಕಿ ಇಳಿಯುತ್ತ ಬರಬೇಕು. ದೊಡ್ಡ ಗೋಡೆಗೆ ಇದು ಕೈಗೆಟುಕುವ ಕೆಲಸವಲ್ಲ. ಅಲ್ಲಿ ಒಂದಕ್ಕೆ ನಾಲ್ಕರ ಬಡಕಲು ಸುಣ್ಣದ ಗಾರೆ ಮೆತ್ತಿ, ಒಂದು ವರ್ಷ ಉಪ್ಪು ಕುಡಿಯಲು ಬಿಟ್ಟು, ಕೆತ್ತಿ ಎಸೆದು, ನಂತರ ನಿಜವಾದ ಗಾರೆ ಮಾಡಿ.

ಎರಡು ಇಂಚಿಗಿಂತ ಆಳಕ್ಕೆ ತಿಂದುಹೋದ ಕಲ್ಲನ್ನು ಬದಲಿಸಬೇಕು. ಗಾರೆಯಲ್ಲೇ ತುಂಬಿ ಮಟ್ಟ ಮಾಡಿದರೆ ದಪ್ಪ ಗಾರೆ ಒಣಗುವಾಗ ಸೀಳುತ್ತದೆ. ಹೊಸ ಮುರಕಲ್ಲು ಕಣಿಯಿಂದ ಬಂದಾಗ ಮೆದು, ಗಾಳಿಗೆ ಗಟ್ಟಿಯಾಗುತ್ತದೆ; ಒಂದು ಮಳೆಗಾಲ ಹೊರಗಿಟ್ಟ ಕಲ್ಲನ್ನೇ ಕೊಳ್ಳಿ. ಮಳೆಗೆ ತೊಳೆದುಹೋಗುವ ಕಲ್ಲು ಅಲ್ಲೇ ತನ್ನ ಬಣ್ಣ ತೋರಿಸಿರುತ್ತದೆ. ಒಂದು ಕಲ್ಲು ತೆಗೆದರೆ ಅದರ ಪಕ್ಕದ್ದನ್ನೂ ಮೇಲಿನದ್ದನ್ನೂ ಆ ವಾರ ಮುಟ್ಟಬೇಡಿ.

ಸುಣ್ಣದ ಗಾರೆ

ಹತ್ತು ಚದರ ಮೀಟರ್ ಗೋಡೆಗೆ ಎರಡು ಕೈ ಸೇರಿ 2 ಸೆಂ.ಮೀ. ದಪ್ಪ ಬೇಕೆಂದರೆ, ಕಲ್ಲಿನ ತಗ್ಗು ತುಂಬಲು ಕಾಲುಭಾಗ ಸೇರಿಸಿ ಸುಮಾರು 250 ಲೀಟರ್ ಹೊಯಿಗೆ, 85 ಲೀಟರ್ ಸುಣ್ಣದ ಮುದ್ದೆ. ಸುಣ್ಣ ಹೊಯಿಗೆಯ ಸಂದುಗಳಲ್ಲಿ ಅಡಗುವುದರಿಂದ ಗಾರೆಯ ಗಾತ್ರ ಹೊಯಿಗೆಯಷ್ಟೇ ಬರುತ್ತದೆ.

ಚಿಪ್ಪಿನ ಸುಣ್ಣ ಸಿಕ್ಕರೆ ಬಹಳ ಒಳ್ಳೆಯದು, ಶುದ್ಧವಾಗಿರುತ್ತದೆ. ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ತಪ್ಪಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಗಮ್‌ಬೂಟು, ಪಕ್ಕದಲ್ಲೊಂದು ಬಕೆಟ್ ತಿಳಿನೀರು ಇರಲೇಬೇಕು. ಕುದಿತ ನಿಂತ ಮೇಲೆ ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಡ್ರಮ್ಮಿನಲ್ಲಿ ಮುಚ್ಚಿಡಿ. ಮೂರು ವಾರ ಕನಿಷ್ಠ, ಮೂರು ತಿಂಗಳಾದರೆ ಕರಣೆಗೆ ಬೆಣ್ಣೆಯಂತೆ ಬರುತ್ತದೆ. ಅರಳದ ಹರಳು ಒಂದು ಉಳಿದರೂ ಗೋಡೆಯಲ್ಲಿ ಆಮೇಲೆ ಅರಳಿ, ಗಾರೆಯನ್ನು ಒಡೆದು ಹೊರಬರುತ್ತದೆ.

ಕಡಲ ಹೊಯಿಗೆ ಬೇಡ, ತೊಳೆದರೂ ಬೇಡ. ಹೊಳೆಯ ಹೊಯಿಗೆಯಲ್ಲೂ ಅಳಿವೆಯ ಹತ್ತಿರದ್ದು ಉಪ್ಪುನೀರು ಕುಡಿದದ್ದೇ, ಮೀಟರ್ ಹಾಕಿ ನೋಡಿ. ಕಾಳು 4 ಮಿ.ಮೀ.ವರೆಗೆ ದಪ್ಪ ಸಣ್ಣ ಎಲ್ಲ ಬೆರೆತಿರಬೇಕು. ಬರೀ ನುಣ್ಣನೆಯ ಹೊಯಿಗೆ ಹಾಕಿದರೆ ಒಣಗುವಾಗ ಜೇಡನ ಬಲೆಯಂತೆ ಬಿರುಕು ಹರಡುತ್ತದೆ. ಕಲಸುವ ನೀರು, ಚಿಮುಕಿಸುವ ನೀರು ಎರಡೂ 500 ಟಿಡಿಎಸ್ ಒಳಗಿರಲಿ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿ ಸವುಳಾಗುವುದರಿಂದ ಮಾರ್ಚ್‌ನಲ್ಲಿ ಮತ್ತೊಮ್ಮೆ ಅಳೆಯಿರಿ.

ಪ್ರಮಾಣ: ಮೇಲ್ಗೋಡೆಗೆ ಸುಣ್ಣ ಒಂದು, ಹೊಯಿಗೆ ಮೂರು. ನೆಲದಿಂದ ಮೂರು ಅಡಿಯವರೆಗೆ ಮತ್ತು ಪಡುವಣ ಗೋಡೆಗೆ ಸುಣ್ಣ ಒಂದು, ಸುರ್ಕಿ ಒಂದು, ಹೊಯಿಗೆ ಎರಡು. ಬರೀ ಸುಣ್ಣ ಗಾಳಿಯಿಂದಲೇ ಗಟ್ಟಿಯಾಗಬೇಕು, ತೇವ ಇರುವಲ್ಲಿ ಅದಾಗುವುದಿಲ್ಲ. ಸುರ್ಕಿ ಬೆರೆತರೆ ತೇವದಲ್ಲೂ ಗಟ್ಟಿಯಾಗುತ್ತದೆ. ಸುರ್ಕಿಗೆ ಹದವಾಗಿ ಸುಟ್ಟ ಮೆದು ಇಟ್ಟಿಗೆ ಪುಡಿ ಬೇಕು. ಕಪ್ಪಗೆ ಸುಟ್ಟು ಗಾಜಾದ ಇಟ್ಟಿಗೆ ಎಷ್ಟು ಪುಡಿ ಮಾಡಿದರೂ ಬರಿ ಹೊಯಿಗೆಯ ಲೆಕ್ಕ. ಬೆಲ್ಲ, ಅಳಲೆಕಾಯಿಯ ನೀರು ಬೆರೆಸುವ ಪದ್ಧತಿ ಇದೆ. ಅಳತೆ ಬಲ್ಲ ಹಳೆಯ ಕೈ ಸಿಗದಿದ್ದರೆ ಬೇಡ, ಹೆಚ್ಚಾದರೆ ಗಾರೆ ವಾರಗಟ್ಟಲೆ ಹಸಿಯಾಗಿ ಉಳಿದು ಬೂಸ್ಟು ಹಿಡಿಯುತ್ತದೆ. ಇನ್ನು ಸಂಜೆಯೊಳಗೆ ಗಟ್ಟಿಯಾಗಲಿ ಎಂದು ಮೇಸ್ತ್ರಿ ಕದ್ದು ಹಾಕುವ ಆ ಎರಡು ಕರಣೆ ಸಿಮೆಂಟು: ಅದರಿಂದ ಸಿಮೆಂಟಿನ ಬಲವೂ ಬರುವುದಿಲ್ಲ, ಸುಣ್ಣದ ಗುಣವೂ ಉಳಿಯುವುದಿಲ್ಲ. ಸಿಮೆಂಟು ಚೀಲವೇ ಕೆಲಸದ ಜಾಗದಲ್ಲಿ ಇರದಂತೆ ನೋಡಿಕೊಳ್ಳಿ.

ಮೆತ್ತುವ ದಿನ ಗೋಡೆಯನ್ನು ಹಿಂದಿನ ರಾತ್ರಿ ಮತ್ತು ಬೆಳಗ್ಗೆ ತೋಯಿಸಿ. ಕೈಯಿಟ್ಟರೆ ತಣ್ಣಗಿರಬೇಕು, ನೀರು ಹೊಳೆಯಬಾರದು. ಮೊದಲ ಕೈ 10-12 ಮಿ.ಮೀ., ಕರಣೆಯಿಂದ ಬೀಸಿ ಒಗೆಯಬೇಕು, ಒರೆಸಿದರೆ ತಗ್ಗಿನಲ್ಲಿ ಗಾಳಿ ಉಳಿಯುತ್ತದೆ. ಅರ್ಧ ಬಿಗಿದಾಗ ಓರೆಗೆರೆ ಹಾಕಿ. ಮಾರನೆಯ ದಿನ ಬಿರುಕು ಕಂಡರೆ ಹೆದರಬೇಡಿ, ಮರದ ಪಟ್ಟಿಯಿಂದ ಹದವಾಗಿ ಬಡಿದು ಮುಚ್ಚಿ. ಬೆರಳುಗುರು ಒತ್ತಿದರೆ ಗೆರೆ ಬೀಳಬೇಕು, ಬೆರಳು ಇಳಿಯಬಾರದು; ಆ ಹದ ಬಂದ ಮೇಲೆ, ಸಾಮಾನ್ಯವಾಗಿ ಏಳರಿಂದ ಹತ್ತು ದಿನಕ್ಕೆ, ಎರಡನೆಯ ಕೈ 8-10 ಮಿ.ಮೀ. ಕೊನೆಗೆ ಬೇಕಿದ್ದರೆ 2 ಮಿ.ಮೀ. ನುಣುಪು. ಕಬ್ಬಿಣದ ಕರಣೆಯಿಂದ ಕನ್ನಡಿಯಂತೆ ಉಜ್ಜಬೇಡಿ, ಮೇಲ್ಮೈ ಮುಚ್ಚಿಹೋಗುತ್ತದೆ. ಮರದ ಹಲಗೆ ಸಾಕು.

ಮೆತ್ತಿದ ಗೋಡೆಗೆ ತೊಯ್ಯಿಸಿದ ಗೋಣಿತಾಟು ಇಳಿಬಿಟ್ಟು ವಾರ ಕಾಲ ತಂಪಾಗಿಡಿ, ನಂತರ ದಿನಕ್ಕೊಮ್ಮೆ ಸಣ್ಣಗೆ ಚಿಮುಕಿಸಿ. ಮಧ್ಯಾಹ್ನದ ಪಡುಗಾಳಿ ಎಳೆದು ಒಣಗಿಸಿದ ಗಾರೆ ಗಟ್ಟಿಯಾಗುವ ಬದಲು ಬರೀ ಒಣಗಿರುತ್ತದೆ, ಉಜ್ಜಿದರೆ ಕೈಗೆ ಬರುತ್ತದೆ.

ಕಬ್ಬಿಣ, ಬಣ್ಣ

ಕಿಟಕಿಯ ಸರಳಿನ ತುದಿ ಕಲ್ಲಿನೊಳಗೆ ತುಕ್ಕು ಹಿಡಿದರೆ ಮೂಲ ಕಬ್ಬಿಣದ ಹಲವು ಪಟ್ಟು ಉಬ್ಬುತ್ತದೆ, ಕಿಟಕಿಯ ಮೂಲೆಯಿಂದ ಓರೆಬಿರುಕು ಹೊರಡುತ್ತದೆ. ಆ ಬಿರುಕಿಗೆ ಗಾರೆ ತುಂಬಿ ಫಲವಿಲ್ಲ. ಸರಳನ್ನು ಬಿಡಿಸಿ, ಹೂತಿದ್ದ ತುದಿಯನ್ನು ಕತ್ತರಿಸಿ, 316ರ ತುಂಡನ್ನು ಬೆಸೆದು, ಸುಣ್ಣ-ಸುರ್ಕಿಯಲ್ಲಿ ಮರಳಿ ಕೂರಿಸಿ. ಬೆಸುಗೆ ಕಲ್ಲಿನಿಂದ ಹೊರಗಿರಲಿ, ಬಣ್ಣದ ಕುಂಚ ತಲುಪುವಂತೆ.

ಗೋಡೆಗೆ ಸುಣ್ಣವನ್ನೇ ಬಳಿಯಿರಿ: ಹಾಲಿನಷ್ಟು ತೆಳು, ಒದ್ದೆ ಗೋಡೆಗೆ, ದಿನಕ್ಕೊಂದರಂತೆ ನಾಲ್ಕೈದು ಕೈ. ಬಳಿಯುವಾಗ ಅಡಿಯ ಬಣ್ಣ ಕಾಣುತ್ತಿರಬೇಕು, ಒಣಗಿದಾಗ ಬೆಳ್ಳಗಾಗುತ್ತದೆ. ದಪ್ಪಗೆ ಒಂದೇ ಸಲ ಬಳಿದದ್ದು ಚಕ್ಕೆಯಾಗಿ ಉದುರುತ್ತದೆ. ಬಣ್ಣ ಬೇಕಿದ್ದರೆ ಕಾವಿಮಣ್ಣು, ಸುಣ್ಣದ ತೂಕದ ಹತ್ತನೆಯ ಒಂದು ಪಾಲು ಮೀರದಂತೆ. ಸುಣ್ಣ ಹಿಡಿದುಕೊಳ್ಳಲಿ ಎಂದು ಬಕೆಟ್ಟಿಗೆ ಮುಷ್ಟಿ ಉಪ್ಪು ಹಾಕುವ ರೂಢಿಯನ್ನು ಈ ಮನೆಯಲ್ಲಿ ಬಿಡಿಸಬೇಕು.

ಮುಂದಿನ ಜನವರಿಗಳಲ್ಲಿ ಗೋಡೆಯ ಬುಡದಲ್ಲಿ ಬಿಳಿ ಪುಡಿ ಬಿದ್ದರೆ, ಅಂಗೈಯಗಲ ಗಾರೆ ಮಾಸಿ ಉದುರಿದರೆ, ಕೆಲಸ ಕೆಟ್ಟಿತೆಂದು ಗಾರೆಯವರನ್ನು ಬೈಯಬೇಡಿ. ಉಪ್ಪು ಬರಬೇಕಾದ ಕಡೆಯೇ ಬಂದಿದೆ. ಪುಡಿಯನ್ನು ನೀರು ಹಾಕಿ ತೊಳೆಯದೆ ಮೊರಕ್ಕೆ ಗುಡಿಸಿ ಹೊರಗೆ ಹಾಕಿ, ಆ ತೇಪೆಯಷ್ಟನ್ನೇ ಕೆತ್ತಿ, ಡ್ರಮ್ಮಿನಲ್ಲಿ ಉಳಿಸಿಟ್ಟ ಸುಣ್ಣದಿಂದ ಮತ್ತೆ ಮೆತ್ತಿ. ಅದಕ್ಕಾಗಿ ಹತ್ತಿಪ್ಪತ್ತು ಲೀಟರ್ ಮುದ್ದೆ ಯಾವಾಗಲೂ ನೀರಿನಡಿ ಇರಲಿ.